ಸಾಕ್ಷಿ ಕೇಳಿದ ವೇಗ

ಆತ್ಮಕಥೆಗಳನ್ನು ಓದುವಾಗ ನನಗೊಂದು ಚಟ. ಬರೆಯುವಾತ ಎಲ್ಲಿ ತನ್ನ ಮಾತನ್ನು ನಿಲ್ಲಿಸಿ ಪರರ ಮಾತನ್ನು ಮುಂದಿಡುತ್ತಾನೆ ಎಂಬುದನ್ನು ಗಮನಿಸುತ್ತೇನೆ. ಸಂಕೋಚದಿಂದ ಹಾಗೆ ಮಾಡುವವರುಂಟು, ಜಂಬದಿಂದ ಮಾಡುವವರೂ ಉಂಟು. ಆದರೆ 1928ರಲ್ಲಿ ಅಮೆರಿಕದ ಮಾಜಿ ಸೈಕಲ್ ಸ್ಪರ್ಧಿಯೊಬ್ಬ ಸ್ವಂತ ಖರ್ಚಿನಿಂದ ಅಚ್ಚು ಹಾಕಿಸಿದ ದಪ್ಪ ಪುಸ್ತಕವೊಂದನ್ನು ಓದಿದಾಗ ನನ್ನ ಈ ಎರಡು ಕಾರಣಗಳೂ ಸಾಲದಾದವು. ತಾನು ಗೆದ್ದ ಪಂದ್ಯಗಳನ್ನು ಹೇಳುವಾಗಲೆಲ್ಲ ಆತ ಅಂದಿನ ಪತ್ರಿಕೆಗಳ ವರದಿಗಳನ್ನು ಉದ್ದುದ್ದಕ್ಕೆ ಎತ್ತಿ ಬರೆಯುತ್ತಾನೆ. ಬರವಣಿಗೆಯ ದೃಷ್ಟಿಯಿಂದ ಇದು ದೋಷವೇ ಸರಿ. ಆದರೂ ಆ ದೋಷದಲ್ಲಿಯೇ ಆತನ ಬಾಳಿನ ಕಥೆಯಿದೆ.

ಆತನ ಹೆಸರು ಮಾರ್ಷಲ್ ವಾಲ್ಟರ್ ಟೇಲರ್. ಹುಟ್ಟಿದ್ದು 1878ರ ನವೆಂಬರ್ 26ರಂದು, ಇಂಡಿಯಾನಾಪೊಲಿಸ್ ನಗರದ ಬಳಿ. ತಂದೆ ಒಂದು ಶ್ರೀಮಂತ ಬಿಳಿಯ ಮನೆತನದಲ್ಲಿ ಸಾರಥಿ. ಆ ಮನೆಯ ಹುಡುಗನ ಜೊತೆಗಾರನಾಗಿ ಬೆಳೆದ ಬಾಲಕನಿಗೆ ಅಲ್ಲಿಯೇ ಸೈಕಲ್ ದೊರೆಯಿತು. ಮುಂದೆ ಸೈಕಲ್ ಅಂಗಡಿಯೊಂದರ ಎದುರು ಸೈನಿಕರ ಉಡುಪು ತೊಟ್ಟು ಚಮತ್ಕಾರಗಳನ್ನು ತೋರಿಸಿ ಗಿರಾಕಿಗಳನ್ನು ಸೆಳೆಯುವುದು ಆತನ ಕೆಲಸವಾಯಿತು. ಆ ಉಡುಪಿನಿಂದಾಗಿ ಜನ ಕರೆದ 'ಮೇಜರ್' ಎಂಬ ಅಡ್ಡಹೆಸರು ಕೊನೆಯವರೆಗೂ ನಿಂತಿತು.

ಆತ ಪಳಗಿದ್ದು ಸ್ಪ್ರಿಂಟ್ ಪಂದ್ಯದಲ್ಲಿ. ಅಂಚುಗಳು ಮೇಲೆದ್ದ ದುಂಡನೆಯ ಹಾದಿ; ಬ್ರೇಕಿಲ್ಲದ ಸೈಕಲ್; ಚಕ್ರ ತಿರುಗುವಷ್ಟು ಹೊತ್ತೂ ಕಾಲು ತಿರುಗಲೇಬೇಕು. ಮುಂದಿರುವವನು ಗಾಳಿಯನ್ನು ಸೀಳಬೇಕು, ಹಿಂದಿರುವವನು ಆ ಮರೆಯಲ್ಲಿ ಶಕ್ತಿ ಉಳಿಸಿಕೊಳ್ಳುತ್ತಾನೆ. ಆದ್ದರಿಂದ ಮೊದಲಿಗೆ ಯಾರೂ ಮುಂದಾಗಲು ಒಲ್ಲರು. ಬೇಟೆಯ ಪ್ರಾಣಿಗಳಂತೆ ಒಬ್ಬರನ್ನೊಬ್ಬರು ನೋಡುತ್ತ ಸಾಗಿ, ಕಡೆಯ ಇನ್ನೂರು ಮೀಟರಿನಷ್ಟು ದೂರದಲ್ಲಿ ಒಮ್ಮೆಗೇ ಹಾರುತ್ತಾರೆ. ಹಲವರು ಒಟ್ಟಿಗೆ ಓಡುವಾಗ ಇದರಲ್ಲಿ ಇನ್ನೊಂದು ತಂತ್ರವಿದೆ. ಮೂವರು ನಾಲ್ವರು ಕೂಡಿಕೊಂಡು ಒಬ್ಬನನ್ನು ನಡುವೆ ಸಿಕ್ಕಿಸಿ ಹೊರಬರಲು ದಾರಿಯೇ ಇಲ್ಲದಂತೆ ಮಾಡಬಹುದು. ಟೇಲರನಿಗೆ ಬಿಳಿಯ ಎದುರಾಳಿಗಳು ಮತ್ತೆ ಮತ್ತೆ ಒಡ್ಡಿದ್ದು ಈ ಬೋನನ್ನೇ. ಅಮೆರಿಕದ ಸೈಕಲ್ ಸವಾರರ ದೊಡ್ಡ ಸಂಸ್ಥೆಯು 1894ರಲ್ಲಿಯೇ ಕಪ್ಪು ಜನರಿಗೆ ಸದಸ್ಯತ್ವವಿಲ್ಲವೆಂದು ನಿಯಮ ಮಾಡಿತ್ತು.

1895ರಲ್ಲಿ ಆತನನ್ನು ಮ್ಯಾಸಚೂಸೆಟ್ಸ್ ಸೀಮೆಯ ವೂಸ್ಟರಿಗೆ ಕರೆದೊಯ್ದವನು ಬಿಳಿಯನೇ ಆದ ಲೂಯಿ ಮಂಗರ್, ಸ್ವತಃ ಹಳೆಯ ಸ್ಪರ್ಧಿ. ಟೇಲರ್ ತನ್ನ ಪುಸ್ತಕವನ್ನು ಅರ್ಪಿಸಿರುವುದು ಈತನಿಗೇ. ಇದನ್ನು ಹೇಳದಿದ್ದರೆ ಕಥೆ ಒಕ್ಕಣ್ಣಾಗುತ್ತದೆ.

1897ರಲ್ಲಿ ಟಾಂಟನ್ ಎಂಬ ಊರಿನಲ್ಲಿ ನಡೆದುದನ್ನು ಕೇಳಿ. ಟೇಲರ್ ಎರಡನೆಯವನಾಗಿ ಗುರಿ ಮುಟ್ಟಿದ. ಹಿಂದೆ ಬಿದ್ದ ಬೆಕರ್ ಎಂಬಾತ ಅವನನ್ನು ನೆಲಕ್ಕೆ ಕೆಡವಿ ಪ್ರಜ್ಞೆ ತಪ್ಪುವವರೆಗೆ ಕುತ್ತಿಗೆ ಹಿಸುಕಿದ. ಪೊಲೀಸರು ಬಿಡಿಸಬೇಕಾಯಿತು. ಬೆಕರನಿಗೆ ಆದ ಶಿಕ್ಷೆ 50 ಡಾಲರ್ ದಂಡ. ಅದೇ ವರ್ಷ ದಕ್ಷಿಣದ ಸೀಮೆಗಳಲ್ಲಿ ಪಂದ್ಯ ನಡೆಸುವವರು ಟೇಲರನಿಗೆ ಪ್ರವೇಶವನ್ನೇ ಕೊಡಲಿಲ್ಲ. ರಾಷ್ಟ್ರದ ಪ್ರಶಸ್ತಿ ಹೀಗೆ ಕೈತಪ್ಪಿತು.

ಎರಡು ವರ್ಷ ಕಳೆದು, 1899ರ ಆಗಸ್ಟಿನಲ್ಲಿ, ಕೆನಡಾದ ಮಾಂಟ್ರಿಯಲಿನಲ್ಲಿ ಆತ ಒಂದು ಮೈಲಿಯ ಸ್ಪ್ರಿಂಟಿನಲ್ಲಿ ಜಗತ್ತಿನ ಚಾಂಪಿಯನ್ ಆದ. ವಯಸ್ಸು ಇಪ್ಪತ್ತು. ವಾದ್ಯದವರು ಅಮೆರಿಕದ ರಾಷ್ಟ್ರಗೀತೆಯನ್ನು ನುಡಿಸಿದಾಗ ಏನನ್ನಿಸಿತೆಂಬುದನ್ನು ಟೇಲರ್ ಬರೆದಿದ್ದಾನೆ. ಅಮೆರಿಕದೊಳಗೆ ಎಂದೂ ಅನ್ನಿಸದಷ್ಟು ತಾನು ಅಮೆರಿಕದವನೆಂದು ಅಂದು ಅನ್ನಿಸಿತಂತೆ. ಈ ಜಾಗದಲ್ಲಿ ಪತ್ರಿಕೆಯ ತುಣುಕಿಲ್ಲ, ಅವನದೇ ಮಾತು. ನಾನು ಪುಸ್ತಕವನ್ನು ಮಡಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಮನೆಯವನೆಂದು ತಿಳಿಯಲು ಮನೆ ಬಿಟ್ಟು ಹೋಗಬೇಕಾಯಿತು!

1901ರಲ್ಲಿ ಆತ ಯುರೋಪಿಗೆ ಹೋದ. ನಿಷ್ಠಾವಂತ ಬ್ಯಾಪ್ಟಿಸ್ಟ್ ಕ್ರೈಸ್ತನಾದ್ದರಿಂದ ಭಾನುವಾರ ಸೈಕಲ್ ಹತ್ತುವುದಿಲ್ಲವೆಂದು ಹಟ. ಜನ ಸೇರುವುದೋ ಭಾನುವಾರವೇ! ಪ್ಯಾರಿಸಿನ ವ್ಯವಸ್ಥಾಪಕರು ಹಬ್ಬದ ರಜೆಗಳನ್ನು ಹುಡುಕಿ, ಫ್ರಾನ್ಸಿನ ಕಣ್ಮಣಿ ಎಡ್ಮಂಡ್ ಜಾಕ್ಲಾನೊಡನೆ ಗುರುವಾರ ಮೇ 16ಕ್ಕೆ ಪಂದ್ಯ ಗೊತ್ತುಮಾಡಿದರು. ಚಳಿ ಹಿಡಿದ ಆ ದಿನ ಟೇಲರ್ ಸೋತ. ಗೆದ್ದ ಜಾಕ್ಲಾ ಮೂಗಿಗೆ ಹೆಬ್ಬೆರಳಿಟ್ಟು ಅಣಕಿಸಿದ. ಮೇ 27ರ ಸೋಮವಾರ ಮರುಪಂದ್ಯ. ಟೇಲರ್ ಗೆದ್ದ. ಆ ಭಾನುವಾರದ ವ್ರತವನ್ನು ವೃತ್ತಿಯ ಕಡೆಯ ವರ್ಷಗಳಲ್ಲಿ ಸಡಿಲಿಸಿದನೆಂಬುದನ್ನೂ ಹೇಳಬೇಕು. ಕಾಲು ಸೋಲುತ್ತಿದ್ದ ದಿನಗಳವು. ಆಸ್ಟ್ರೇಲಿಯಾ ಪ್ರವಾಸದಲ್ಲಿ, 1904ರಲ್ಲಿ, ಸಿಡ್ನಿಯಲ್ಲಿ ಹುಟ್ಟಿದ ಮಗಳಿಗೆ ಆ ಊರಿನ ಹೆಸರನ್ನೇ ಇಟ್ಟ. 1910ರಲ್ಲಿ ಪಂದ್ಯಗಳನ್ನು ಬಿಟ್ಟ.

ಗಳಿಸಿದ್ದು ಬಹಳ. ವ್ಯಾಪಾರಕ್ಕೆ ಹಾಕಿದ ಹಣ ಮುಳುಗಿತು, ಆರೋಗ್ಯ ಕೆಟ್ಟಿತು, ಸಂಸಾರ ಒಡೆಯಿತು. ಮೋಟಾರು ಬಂದಮೇಲೆ ಸೈಕಲ್ ಪಂದ್ಯದ ಮೋಹವೂ ಅಮೆರಿಕದಲ್ಲಿ ಇಳಿಯುತ್ತ ಬಂತು. ಆಗ ಬರೆದದ್ದು ಆ ಪುಸ್ತಕ. ಗೆಲುವು ಕಣ್ಣೆದುರೇ ನಡೆದಾಗಲೂ ಕೆಲವು ತೀರ್ಪುಗಾರರು ಒಪ್ಪದಿದ್ದ ಕಾಲವನ್ನು ಕಂಡವನು, ತನ್ನೊಬ್ಬನ ಮಾತನ್ನು ಲೋಕ ನಂಬೀತೆಂದು ಹೇಗೆ ತಿಳಿದಾನು? ಬಿಳಿಯರ ಪತ್ರಿಕೆಗಳನ್ನೇ ಸಾಕ್ಷಿಗೆ ಕರೆದ. ಆ ತುಣುಕುಗಳನ್ನು ನಾನೀಗ ಹಾಗೆ ಓದುತ್ತೇನೆ. ಪುಸ್ತಕದಲ್ಲಿ ದ್ವೇಷವಿಲ್ಲ; ಆದರೆ ಯಾರು ಎಲ್ಲಿ ಏನು ಮಾಡಿದರೆಂಬ ಲೆಕ್ಕ ಒಂದೂ ಬಿಟ್ಟುಹೋಗಿಲ್ಲ.

ಆ ಪ್ರತಿಗಳನ್ನು ಆತ ಮನೆಮನೆಗೆ ಹೋಗಿ ಮಾರಿದ. 1932ರ ಜೂನ್ 21ರಂದು ಷಿಕಾಗೋದ ಆಸ್ಪತ್ರೆಯೊಂದರ ಧರ್ಮಾರ್ಥ ವಾರ್ಡಿನಲ್ಲಿ ತೀರಿಕೊಂಡಾಗ ದೇಹವನ್ನು ಕೇಳಲು ಯಾರೂ ಬರಲಿಲ್ಲ. ಬಡವರ ಪಾಲಿನ ನೆಲದಲ್ಲಿ, ಗುರುತಿನ ಕಲ್ಲೂ ಇಲ್ಲದೆ, ಹೂಳಿದರು. 1948ರಲ್ಲಿ ಹಳೆಯ ಸೈಕಲ್ ಸ್ಪರ್ಧಿಗಳ ಗುಂಪೊಂದು ಸೈಕಲ್ ತಯಾರಕ ಫ್ರ್ಯಾಂಕ್ ಶ್ವಿನ್ನನ ಹಣದ ನೆರವು ಪಡೆದು, ಆ ದೇಹವನ್ನು ಅಲ್ಲಿಂದ ತೆಗೆಸಿ, ಅದೇ ಸ್ಮಶಾನದ ಒಳ್ಳೆಯ ಜಾಗದಲ್ಲಿ ಮತ್ತೆ ಮಣ್ಣು ಮಾಡಿಸಿ ಹೆಸರಿನ ಫಲಕ ಹಾಕಿಸಿತು.