ಜಂಟಿ ಒಡೆತನದ ವಾಸಗೃಹ ಮತ್ತು ಕರವಿನಾಯಿತಿ: ಹೈದರಾಬಾದಿನ ಇತಿಹಾಸ

ಸಾಲಗಾರನ ಸಕಲ ಸ್ವತ್ತೂ ಜಪ್ತಿಗೆ ಒಳಗಾದರೂ ಅವನ ಕುಟುಂಬದ ತಲೆಯ ಮೇಲಣ ಸೂರು ಉಳಿಯಬೇಕೆಂಬ ತತ್ತ್ವವು, 1839ರಲ್ಲಿ, ಆಗಿನ್ನೂ ಸ್ವತಂತ್ರ ಗಣರಾಜ್ಯವಾಗಿದ್ದ ಟೆಕ್ಸಾಸಿನಲ್ಲಿ ಶಾಸನರೂಪವನ್ನು ತಾಳಿ, ಕಾಲಕ್ರಮದಲ್ಲಿ ಅಮೆರಿಕದ ಇತರ ಸಂಸ್ಥಾನಗಳಿಗೂ ಹಬ್ಬಿತು. ಭಾರತದಲ್ಲಿ ಈ ಬಗೆಯ ಶಾಸನವೊಂದು ಹುಟ್ಟಲಿಲ್ಲ; ವಾಸಗೃಹದ ರಕ್ಷಣೆಯು ಹಲವು ಅಧಿನಿಯಮಗಳಲ್ಲಿ ಚದರಿಹೋಗಿದೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಪ್ರಕರಣವು ಕೃಷಿಕ, ಕೂಲಿಕಾರ, ಮನೆಯಾಳು ಇವರು ವಾಸಿಸುವ ಸ್ವಂತ ಮನೆಗಳನ್ನು ಜಪ್ತಿಯಿಂದ ಹೊರತುಪಡಿಸಿತೇ ಹೊರತು, ಹೈದರಾಬಾದಿನ ಪತ್ಥರಗಟ್ಟಿಯ ವರ್ತಕನಿಗಾಗಲಿ ಕಾಚಿಗುಡದಲ್ಲಿ ಬಂದು ನೆಲಸಿದ ಕನ್ನಡದ ಗುಮಾಸ್ತನಿಗಾಗಲಿ ಆ ಕೃಪೆಯನ್ನು ತೋರಲಿಲ್ಲ. ಅವಿಭಕ್ತ ಕುಟುಂಬದ ಮನೆಯಲ್ಲಿ ಒಬ್ಬ ದಾಯಾದಿಯ ಪಾಲನ್ನು ಪರಕೀಯನು ಕೊಂಡಾಗ, ಉಳಿದವರು ಬೆಲೆ ಕೊಟ್ಟು ಆ ಪಾಲನ್ನು ಹಿಂದಕ್ಕೆ ಪಡೆಯುವ ಹಕ್ಕು ಮಾತ್ರ 1893ರ ವಿಭಾಗ ಅಧಿನಿಯಮದಿಂದ ದೊರೆತಿತ್ತು.

ನಗರವಾಸಿಗೆ ವಿನಾಯಿತಿಯೆಂಬುದು ಒದಗಿದ್ದು ಮುಖ್ಯವಾಗಿ ಆದಾಯಕರದ ಮಾರ್ಗವಾಗಿ. ಭಾರತದ ಆದಾಯಕರ ಶಾಸನವು 1950ರ ಏಪ್ರಿಲ್ 1ರಂದು ಹೈದರಾಬಾದ್ ಸಂಸ್ಥಾನಕ್ಕೆ ವಿಸ್ತರಿಸಿತು. 1961ರ ಆದಾಯಕರ ಅಧಿನಿಯಮದ 26ನೆಯ ಪ್ರಕರಣವು, ಪಾಲುಗಳು ನಿಶ್ಚಿತವಾಗಿರತಕ್ಕ ಜಂಟಿ ಮನೆಯ ಒಡೆಯರನ್ನು ಒಂದು ಕೂಟವೆಂದು ಬಗೆಯದೆ, ಪ್ರತಿಯೊಬ್ಬನಿಗೂ ಅವನವನ ಪಾಲಿನಂತೆ ಕರವನ್ನು ನಿರ್ಧರಿಸಬೇಕೆಂದು ವಿಧಿಸಿತು. ಸ್ವಂತ ವಾಸದ ಮನೆಗೆ ಸಲ್ಲುವ ರಿಯಾಯಿತಿಯು ಸಹಮಾಲೀಕರಲ್ಲಿ ಒಬ್ಬೊಬ್ಬನಿಗೂ ಪ್ರತ್ಯೇಕವಾಗಿ ಸಲ್ಲತಕ್ಕದ್ದೆಂಬ ವಿವರಣೆಯು 1975ರ ತಿದ್ದುಪಡಿಯಿಂದ ಇದಕ್ಕೆ ಸೇರಿತು. ಮನೆಯು ಒಂದೇ, ಹೊಸಿಲು ಒಂದೇ, ವಿನಾಯಿತಿಯಾದರೋ ಪಾಲಿಗೊಂದು. ಜಂಟಿ ಮನೆಯ ಇತರ ವ್ಯಾಜ್ಯಗಳಾದರೋ, ಮನೆ ಮಾರಿದ ಲಾಭದಿಂದ ಬೇರೊಂದು ವಾಸಗೃಹವನ್ನು ಕೊಂಡವನಿಗೆ ಅದೇ ಅಧಿನಿಯಮದ 54ನೆಯ ಪ್ರಕರಣವು ಕೊಟ್ಟ ವಿನಾಯಿತಿಯ ಸುತ್ತ ಹುಟ್ಟಿದವು.

ಅವುಗಳಲ್ಲಿ ಅಗ್ರಗಣ್ಯವಾದುದು ಆಂಧ್ರದ ನಾಲ್ವರು ಸಹೋದರರ ಪ್ರಕರಣ. ಪಿತ್ರಾರ್ಜಿತವನ್ನು ಹಂಚಿಕೊಂಡ ಇವರು ತಾಯಿಯು ವಾಸವಾಗಿದ್ದ ದೊಡ್ಡ ಮನೆಯೊಂದನ್ನು ಮಾತ್ರ ಹಂಚದೆ ಜಂಟಿಯಾಗಿ ಉಳಿಸಿಕೊಂಡಿದ್ದರು. ತರುವಾಯ ಹಿರಿಯನು ತನ್ನ ಬೇರೊಂದು ಮನೆಯನ್ನು ಮಾರಿ, ಮೂವರು ತಮ್ಮಂದಿರಿಗೆ ತಲಾ 30,000 ರೂಪಾಯಿ ಕೊಟ್ಟು, ಅವರಿಂದ ಹಕ್ಕುಬಿಡುಗಡೆ ಪತ್ರಗಳನ್ನು ಬರೆಯಿಸಿಕೊಂಡು, ಮಾರಾಟದ ಲಾಭಕ್ಕೆ 54ನೆಯ ಪ್ರಕರಣದ ವಿನಾಯಿತಿಯನ್ನು ಕೇಳಿದನು. ಸಹಮಾಲೀಕರು ತಮ್ಮ ಪಾಲನ್ನು ಬಿಟ್ಟುಕೊಟ್ಟುದು ಬಿಡುಗಡೆಯಾದೀತೇ ಹೊರತು ಕ್ರಯವಾಗದೆಂಬುದು ಇಲಾಖೆಯ ವಾದ. ಹೈದರಾಬಾದಿನಲ್ಲಿದ್ದ ಆಂಧ್ರಪ್ರದೇಶದ ಉಚ್ಚ ನ್ಯಾಯಾಲಯವು ಇದನ್ನು ಒಪ್ಪಲಿಲ್ಲ; 1979ರಲ್ಲಿ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರೂ, ಬೆಲೆ ಕೊಟ್ಟು ಪಾಲನ್ನು ಪಡೆದ ಮೇಲೆ ಅದು ಕೊಳ್ಳುವಿಕೆಯೇ ಸರಿಯೆಂದು ತೀರ್ಪಿತ್ತರು. ಅಣ್ಣತಮ್ಮಂದಿರ ನಡುವಣ ವ್ಯವಹಾರವನ್ನು ಪತ್ರದ ತಲೆಬರಹದಿಂದಲ್ಲದೆ ಅದರ ಸಾರದಿಂದ ಅಳೆದ ಈ ತೀರ್ಪು ಹಿಂದೂ ಕುಟುಂಬದ ನಡೆವಳಿಯನ್ನು ಚೆನ್ನಾಗಿ ಬಲ್ಲವರದು ಎನ್ನದೆ ವಿಧಿಯಿಲ್ಲ.

ಮನೆಯನ್ನು ಮಾರಿದವನು ತೀರಿಕೊಂಡು, ಬದಲಿ ಮನೆಯ ಖರೀದಿಯನ್ನು ವಾರಸುದಾರರು ಮುಗಿಸಿದಾಗಲೂ ವಿನಾಯಿತಿಯು ನಿಲ್ಲುವುದೆಂದು ಅದೇ ಉಚ್ಚ ನ್ಯಾಯಾಲಯವು ಎಂಬತ್ತರ ದಶಕದಲ್ಲಿ ಹೇಳಿತು. ಪತ್ನಿಯು ತನ್ನ ಹಣದಿಂದ ಕೊಂಡ ಮನೆಯ ಪತ್ರದಲ್ಲಿ ಪತಿಯ ಹೆಸರೂ ಸೇರಿದ್ದ ಮಾತ್ರಕ್ಕೆ ಆಕೆಯ ವಿನಾಯಿತಿಯು ಅರ್ಧಕ್ಕೆ ಇಳಿಯಲಾರದೆಂದು 2011ರಲ್ಲಿ ನಿರ್ಣಯಿಸಿದುದು ಕರ್ನಾಟಕ ಉಚ್ಚ ನ್ಯಾಯಾಲಯ. ಬೆಂಗಳೂರಿನ ಇಂಥ ವಿಚಾರಸರಣಿಯು ಹೈದರಾಬಾದಿಗೂ ದಾರಿ ತೋರಿತು: ಪಿತ್ರಾರ್ಜಿತ ಮನೆಯನ್ನು ಮಾರಿ, ಇಬ್ಬರು ಬೇರೆ ಬೇರೆ ಒಡೆಯರಿಂದ ಒಂದಕ್ಕೊಂದು ಅಂಟಿದ ಎರಡು ಫ್ಲ್ಯಾಟುಗಳನ್ನು ಕೊಂಡವನಿಗೆ, ನಡುವೆ ಗೋಡೆಯಿದ್ದರೂ ಅವು ಒಂದೇ ವಾಸಗೃಹವೆಂದು, ಕರ್ನಾಟಕದ ತೀರ್ಪುಗಳನ್ನು ಅನುಸರಿಸಿ, ಆಂಧ್ರಪ್ರದೇಶದ ಉಚ್ಚ ನ್ಯಾಯಾಲಯವು ವಿನಾಯಿತಿಯನ್ನು ಕೊಟ್ಟಿತು. ಸಂಸತ್ತು 2014ರಲ್ಲಿ ‘ಒಂದು ಮನೆ’ ಎಂದೇ ಸ್ಪಷ್ಟಪಡಿಸಿ ಈ ಔದಾರ್ಯಕ್ಕೆ ಕಡಿವಾಣ ಹಾಕಿತು. 2023ರಲ್ಲಿ ವಿನಾಯಿತಿಗೆ 10 ಕೋಟಿ ರೂಪಾಯಿಗಳ ಮಿತಿಯೂ ಬಂದಿತು.

ಪೌರಕರದ ರೀತಿಯೇ ಬೇರೆ. ಹೈದರಾಬಾದ್ ನಗರಪಾಲಿಕೆಯು ಮನೆಯ ಸಂಖ್ಯೆಯನ್ನು ಹಿಡಿದು ಕರವನ್ನು ವಿಧಿಸುತ್ತದೆ. ಅಲ್ಲಿ ಪಾಲುದಾರರು ಎಷ್ಟು ಮಂದಿಯಾದರೂ ಬೇಡಿಕೆಯ ಪತ್ರವು ಒಂದೇ. 2016ರ ಪಾಲಿಕೆ ಚುನಾವಣೆಯ ಮುನ್ನ, ವರ್ಷಕ್ಕೆ 1,200 ರೂಪಾಯಿಗಳವರೆಗೆ ಕರ ತೆರುತ್ತಿದ್ದ ಮನೆಗಳಿಗೆ ಅದನ್ನು ತೆಲಂಗಾಣ ಸರ್ಕಾರವು 101 ರೂಪಾಯಿಗಳಿಗೆ ಇಳಿಸಿದಾಗ ಆ ರಿಯಾಯಿತಿಯು ಸಂದುದು ಪಾಲುಗಳಿಗಲ್ಲ, ಇಡಿಯ ಮನೆಗೆ.