ಡೌನ್ ಸಿಂಡ್ರೋಮ್ ಇರುವ ಶಿಶುಗಳ ಪೂರಕ ಆಹಾರ

ಡೌನ್ ಸಿಂಡ್ರೋಮ್ ಇರುವ ಶಿಶುವಿಗೆ ಹಾಲಿನ ಜೊತೆಗೆ ಮೆತ್ತನೆಯ ಹಾಗೂ ಗಟ್ಟಿ ಆಹಾರವನ್ನು ಹಂತಹಂತವಾಗಿ ರೂಢಿ ಮಾಡಿಸುವ ಕ್ರಮ. 21ನೆಯ ವರ್ಣತಂತುವಿನ ಹೆಚ್ಚುವರಿ ಪ್ರತಿಯಿಂದ ಬರುವ ಈ ಸ್ಥಿತಿಯಲ್ಲಿ ಸ್ನಾಯುಗಳು ಸಡಿಲವಾಗಿರುವುದರಿಂದ ಉಣ್ಣುವ ಕೌಶಲ ಸಾಮಾನ್ಯವಾಗಿ ನಿಧಾನವಾಗಿ ಕೈಗೂಡುತ್ತದೆ.

ಆರಂಭ: ವಿಶ್ವ ಆರೋಗ್ಯ ಸಂಸ್ಥೆ ಎಲ್ಲ ಶಿಶುಗಳಿಗೂ ಹೇಳುವ 6 ತಿಂಗಳೇ ಇಲ್ಲಿಯೂ ಗುರುತು. ಕತ್ತು ನಿಂತಿರಬೇಕು, ಆಸರೆ ಕೊಟ್ಟರೆ ಮಗು ಕೂರಬೇಕು. ಇವು ತಡವಾದರೆ ವೈದ್ಯರನ್ನು ಕೇಳುವುದು ಲೇಸು. ಮೊದಲ ಹಲ್ಲು ವರ್ಷ ದಾಟಿ ಮೂಡುವುದು ಅಪರೂಪವಲ್ಲ, ಅದಕ್ಕಾಗಿ ಕಾಯಬೇಕಿಲ್ಲ.

ಉಣಿಸುವ ಬಗೆ: ನಾಲಿಗೆ ಹೊರಚಾಚುವುದಕ್ಕೆ ಬಹುಮಟ್ಟಿಗೆ ಕಾರಣ ಬಾಯಿಯ ಕಿರಿದಳತೆ ಮತ್ತು ಸ್ನಾಯುಗಳ ಸಡಿಲ. ಆದ್ದರಿಂದ ತುತ್ತು ಹೊರಬಂದ ಮಾತ್ರಕ್ಕೆ ಮಗುವಿಗೆ ಬೇಡವೆಂದು ತಿಳಿಯಬಾರದು. ಆಳವಿಲ್ಲದ ಚಮಚವನ್ನು ನಾಲಿಗೆಯ ನಡುವಿಟ್ಟು ಮೆಲ್ಲನೆ ಒತ್ತಿ, ಮೇಲ್ದುಟಿ ಇಳಿದು ಆಹಾರವನ್ನು ಎಳೆದುಕೊಳ್ಳುವ ತನಕ ತಡೆಯಬೇಕು. ಮೇಲ್ದುಟಿಗೆ ಒರೆಸಿ ಚಮಚ ತೆಗೆದರೆ ತುಟಿಗೆ ಕೆಲಸವೇ ಉಳಿಯದು.

ರಾಗಿ ಸರಿ ಮತ್ತು ಹದ: ಕರ್ನಾಟಕದ ಅನೇಕ ಮನೆಗಳಲ್ಲಿ ಮೊದಲ ತುತ್ತು ರಾಗಿ ಸರಿ. ರಾಗಿಯನ್ನು ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಬೀಸಿ, ತೆಳುಬಟ್ಟೆಯಲ್ಲಿ ಸೋಸುತ್ತಾರೆ. ಮೊಳಕೆಯಲ್ಲಿ ಹೆಚ್ಚುವ ಅಮೈಲೇಸ್ ಕಿಣ್ವ ಪಿಷ್ಟವನ್ನು ಒಡೆಯುವುದರಿಂದ ಹಿಟ್ಟು ಹೆಚ್ಚು ಹಾಕಿದರೂ ಸರಿ ತೆಳ್ಳಗಿರುತ್ತದೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ ಮಲ್ಲೇಶಿ ಮತ್ತು ದೇಶಿಕಾಚಾರ್ 1982ರಲ್ಲಿ ಮೊಳಕೆ ರಾಗಿ ಮತ್ತು ಹೆಸರುಕಾಳಿನಿಂದ ಶಿಶು ಆಹಾರ ರೂಪಿಸಿದ್ದು ಈ ಗುಣವನ್ನೇ ನೆಚ್ಚಿ. ಹೃದಯದ ತೊಂದರೆಯಿಂದ ನಾಲ್ಕು ತುತ್ತಿಗೇ ದಣಿಯುವ ಮಗುವಿಗೆ ಅಷ್ಟರಲ್ಲೇ ಹೆಚ್ಚು ಶಕ್ತಿ ದೊರೆಯುವುದು ಅನುಕೂಲ. ಆದರೆ ತೆಳುವಾದದ್ದು ಗಂಟಲಿಗೆ ಬೇಗ ಹರಿಯುತ್ತದೆ. ನುಂಗುವಿಕೆ ಹೊಂದದ ಮಗುವಿನ ಶ್ವಾಸನಾಳಕ್ಕೂ ಇಳಿಯಬಹುದು. ಅಂಥವರಿಗೆ ಚಮಚದಲ್ಲಿ ನಿಲ್ಲುವ ಹದವೇ ಮೇಲೆನಿಸಬಹುದು. ನುಂಗುವಿಕೆಯನ್ನು ಪರೀಕ್ಷಿಸಿದ ತಜ್ಞರು ಇದನ್ನು ನಿರ್ಧರಿಸಬೇಕು. ಇನ್ನೊಂದೆಡೆ, ನುಣ್ಣನೆಯ ಸರಿಯಲ್ಲೇ ತಿಂಗಳುಗಟ್ಟಲೆ ಉಳಿದರೆ ಜಗಿಯುವ ಅಭ್ಯಾಸ ಹಿಂದೆ ಬೀಳುತ್ತದೆ. ಮಗು ಸಿದ್ಧವಾದಂತೆ ಕಿವುಚಿದ ಬಾಳೆಹಣ್ಣು, ಬೇಳೆ ಕಲಸಿದ ಮೆತ್ತನೆಯ ಅನ್ನ, ನೆನೆದ ಇಡ್ಲಿ ಹೀಗೆ ಒರಟುತನ ಏರಬೇಕು.

ಎಚ್ಚರಿಕೆ: ಆಹಾರ ಶ್ವಾಸನಾಳ ಸೇರಿದರೂ ಕೆಲವು ಮಕ್ಕಳು ಕೆಮ್ಮುವುದಿಲ್ಲ. ಉಂಡ ಮೇಲೆ ಗೊರಗೊರ ದನಿ, ಪದೇ ಪದೇ ಎದೆಯ ಸೋಂಕು ಕಂಡರೆ ವಿಡಿಯೊ ಎಕ್ಸ್‌ರೇ ಪರೀಕ್ಷೆ ಬೇಕಾಗಬಹುದು. ಗಟ್ಟಿ ಆಹಾರ ಶುರುವಾದ ಮೇಲೆ ವಾಂತಿ ಹೆಚ್ಚಿದರೆ ಸಣ್ಣಕರುಳಿನ ಮೊದಲ ಭಾಗ ಕಿರಿದಾಗಿರುವ ಸಾಧ್ಯತೆಯನ್ನೂ, ಮಲಬದ್ಧತೆ ಬಿಡದಿದ್ದರೆ ಥೈರಾಯ್ಡ್ ಕೊರತೆಯನ್ನೂ ಪರಿಶೀಲಿಸಬೇಕು. ಗ್ಲುಟನ್ ಒಗ್ಗದ ಸೀಲಿಯಾಕ್ ಕಾಯಿಲೆ ಇವರಲ್ಲಿ ಹೆಚ್ಚು. ರಾಗಿಯಲ್ಲಿ ಗ್ಲುಟನ್ ಇಲ್ಲ. ಆದರೂ ಕಾಯಿಲೆ ದೃಢಪಡದೆ ಗೋಧಿಯನ್ನು ದೂರವಿಡಬೇಕಿಲ್ಲ.