ಕುಂಬಳೆಯ ಮರುವಾಯಿ

ಪಟ್ಟನಾಯಕನಹಳ್ಳಿಯ ನನಗೆ ಪಾಚಿ ಎಂದರೆ ಕೆರೆಯ ಹಸಿರು. ಕಡಲ ಪಾಚಿಗೂ ಒಂದು ಚರಿತ್ರೆಯಿದೆ ಎಂದು ತಿಳಿದದ್ದು ಕರಾವಳಿಯ ಮೀನುಗಾರಿಕೆ ಬಗ್ಗೆ ಓದತೊಡಗಿದ ಮೇಲೆ. ನೀರಿನ ಸೆಳೆತಕ್ಕೆ ತೇಲುವ ಸೂಕ್ಷ್ಮಜೀವಿಗಳೇ ಪ್ಲವಕಗಳು. ಮೀನಿಗೆ ಅವೇ ಅನ್ನ. ಕೆಲವು ಜಾತಿ ವಿಪರೀತ ಹೆಚ್ಚಿದರೆ ನೀರು ಕೆಂಪಾಗುತ್ತದೆ.

ಮಲಬಾರ್ ಮತ್ತು ದಕ್ಷಿಣ ಕನ್ನಡ ತೀರದಲ್ಲಿ ಮೀನು ರಾಶಿರಾಶಿ ಸಾಯಲು ಇಂಥದೊಂದು ಜೀವಿ ಕಾರಣವೆಂದು ಜೇಮ್ಸ್ ಹಾರ್ನೆಲ್ 1917ರಲ್ಲೇ ಬರೆದರು. ಮೀನು ಹಠಾತ್ತನೆ ಸಿಗದಂತಾಗಲು ಕೆಂಪು ನೀರೇ ಕಾರಣವಿರಬಹುದೆಂದು 1950ರಲ್ಲಿ ಬಿ.ಎಸ್. ಭೀಮಾಚಾರ್ ಮತ್ತು ಪಿ.ಸಿ. ಜಾರ್ಜ್ ಊಹಿಸಿದರು. ಅಲ್ಲಿನ ಚಿಂತೆಯೆಲ್ಲ ಮೀನಿನದು.

1983ರಲ್ಲಿ ಕುಂಬಳೆಯಲ್ಲಿ, ಯಕ್ಷಗಾನದ ಪಾರ್ತಿಸುಬ್ಬನ ಊರೆಂದು ನಾವು ಓದಿದ ಅದೇ ಕುಂಬಳೆ, ಅಳಿವೆಯ ಮರುವಾಯಿ ತಿಂದ ಹಲವರು ಆಸ್ಪತ್ರೆ ಸೇರಿದರು. ಒಬ್ಬ ಹುಡುಗ ತೀರಿಕೊಂಡ. ಮರುವಾಯಿ ನೀರು ಸೋಸಿ ಪ್ಲವಕ ತಿನ್ನುವ ಚಿಪ್ಪುಜೀವಿ. ಪ್ಲವಕದ ವಿಷ ಅದರ ಮಾಂಸದಲ್ಲಿ ಉಳಿಯುತ್ತದೆ. ತಿಂದವರಿಗೆ ಮೊದಲು ತುಟಿ ಜುಮ್ಮೆನ್ನುತ್ತದೆ, ವಿಷ ಹೆಚ್ಚಿದ್ದರೆ ಉಸಿರಾಟದ ಸ್ನಾಯುಗಳೇ ಸೋಲುತ್ತವೆ. ಈ ಸ್ಯಾಕ್ಸಿಟಾಕ್ಸಿನ್ ಬೇಯಿಸಿದರೂ ಹೋಗದು. ನೀರಿನ ಬಣ್ಣ ಬದಲಾಗಲೇಬೇಕೆಂದೂ ಇಲ್ಲ. ಅಡುಗೆಮನೆಯ ಯಾವ ಎಚ್ಚರವೂ ಆ ಹುಡುಗನನ್ನು ಕಾಯುವಂತಿರಲಿಲ್ಲ.

ಮಂಗಳೂರಿನ ಇಂದ್ರಾಣಿ ಕರುಣಾಸಾಗರ್, ಇಡ್ಯ ಕರುಣಾಸಾಗರ್ ಮತ್ತು ಸಂಗಡಿಗರು ಮರುವರ್ಷ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಇದನ್ನು ದಾಖಲಿಸಿದರು. ಪ್ರಬಂಧದ ತಲೆಬರಹದಲ್ಲಿರುವುದು ಮಂಗಳೂರು; ಕುಂಬಳೆ ಇರುವುದು ಗಡಿಯಾಚೆ, ಕೇರಳದಲ್ಲಿ. ಇತಿಹಾಸದ ವಿದ್ಯಾರ್ಥಿಗೆ ಇದು ಸಣ್ಣ ಸಂಗತಿಯಲ್ಲ: ಮುಂದೆ ಈ ಘಟನೆಯನ್ನು ಹುಡುಕುವವರು ಮೊದಲು ತಲುಪುವುದು ಬೇರೆ ಊರಿಗೆ, ಬೇರೆ ರಾಜ್ಯಕ್ಕೆ.

1997ರಲ್ಲಿ ಕೇರಳದ ಇನ್ನೊಂದು ತುದಿಯ ವಿಳಿಂಜಂನಲ್ಲಿ, ಬಂಡೆಗಂಟಿ ಬೆಳೆಯುವ ಚಿಪ್ಪುಜೀವಿಯನ್ನು ತಿಂದು 7 ಜನ ಸತ್ತರು.